ನೊವ್‌ಗೊರೊಡ್ ನೋಡಿ ಬಂದ ಪೆಟ್ಟಿಗೆ ಉಮರಬ್ಬ

ಮಸ್ಕತ್ತಿನ ವಾದಿ ಅದಾಯ್‌ನಲ್ಲಿ ಬೆಳಗಿನ ಬಾಂಗ್ ಮುಗಿದು ಅರ್ಧ ಗಂಟೆಯಾಗಿದೆ. ಬೋಳು ಗುಡ್ಡದ ಹಿಂದೆ ಬೆಳಕು ಇನ್ನೂ ಬೂದಿ ಬಣ್ಣದಲ್ಲೇ ಇದೆ. ಟಯರ್ ಅಂಗಡಿ, ಗಾಜಿನ ಅಂಗಡಿ, ಸೋಫಾ ಹೊಲಿಯುವ ಅಂಗಡಿ, ಎಲ್ಲದರ ಶಟರ್ ಕೆಳಗಿದೆ. ಒಂದು ತಗಡಿನ ಶೆಡ್ಡಿನಲ್ಲಿ ಮಾತ್ರ ಟ್ಯೂಬ್‌ಲೈಟ್ ಉರಿಯುತ್ತಿದೆ. ಅಲ್ಲಿ ಐವತ್ತೇಳು ವರ್ಷದ ಉಮರಬ್ಬ ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಪ್ಲೈವುಡ್ ಹಾಳೆಯ ಮೇಲೆ ಅಂಗೈ ಎಳೆಯುತ್ತಿದ್ದಾರೆ. ಕಣ್ಣು ಬೇರೆಲ್ಲೋ ಇದೆ. ನೋಡುವ ಕೆಲಸವನ್ನು ಕೈಗೆ ಬಿಟ್ಟಿದ್ದಾರೆ.

ಇವತ್ತಿನ ಪೆಟ್ಟಿಗೆ ಖುರುಮ್‌ನ ಒಂದು ಹೋಟೆಲಿನ ತೂಗುದೀಪಕ್ಕೆ. ಅದು ರಿಪೇರಿಗೆಂದು ಹಡಗು ಹತ್ತಬೇಕು. ಫೋರ್ಕ್‌ಲಿಫ್ಟ್ ಓಡಿಸುವ ಮೂಡಬಿದ್ರೆಯ ಪೀಟರ್ ಚಹಾದ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಾನೆ.

"ಬ್ಯಾರಿಗಳೇ, ಅದಕ್ಕೆ ಮುದ್ದು ಮಾಡಿದ್ದು ಸಾಕು. ಎಂಟು ಗಂಟೆಗೆ ಲಾರಿ ಬರ್ತದೆ."

"ಬರ್ಲಿ. ಲಾರಿಗೆ ಗಡಿಬಿಡಿ ಇದ್ರೆ ಅದೇ ಬಂದು ಸ್ಕ್ರೂ ಹಾಕ್ಲಿ."

ದಿನಕ್ಕೆ ಐದು ಪೆಟ್ಟಿಗೆ, ಕೆಲವು ದಿನ ಆರು. ಒಂದಕ್ಕೆ ಎಪ್ಪತ್ತರಿಂದ ನೂರು ಸ್ಕ್ರೂ. ಮೊಳೆ ಬಳಸುವುದಿಲ್ಲ. ಸುತ್ತಿಗೆ ಬಿದ್ದರೆ ಒಳಗಿನ ಸಾಮಾನಿಗೆ ನಡುಕ ಹತ್ತುತ್ತದೆ ಎನ್ನುತ್ತಾರೆ. ಬೇಸಿಗೆಯಲ್ಲಿ ಹನ್ನೊಂದು ಗಂಟೆಯ ಮೇಲೆ ತಗಡು ಮುಟ್ಟುವಂತಿಲ್ಲ. ಅದಕ್ಕೇ ನಾಲ್ಕೂವರೆಗೆ ಕೆಲಸ ಶುರು. ಮಧ್ಯಾಹ್ನ ಮಲಗಿ, ಮೂರೂವರೆಗೆ ಮತ್ತೆ ಬಂದು, ಸಂಜೆಯ ಮಗ್ರಿಬ್ ನಮಾಜಿನವರೆಗೆ. ಇಪ್ಪತ್ತೈದು ವರ್ಷದಿಂದ ಹೀಗೆಯೇ.

ಇನ್ನೊಂದು ಪದ್ಧತಿಯಿದೆ. ಮುಚ್ಚಳ ಹಾಕುವ ಮೊದಲು ಅದರ ಒಳಮೈಗೆ ಪೆನ್ಸಿಲಿನಲ್ಲಿ ಬರೆಯುತ್ತಾರೆ. ಒಳಗೆ ಏನಿದೆ, ಎಷ್ಟಿದೆ, ಎಲ್ಲಿ ಸರಿಯಿದೆ, ಎಲ್ಲಿ ಮುಕ್ಕಾಗಿದೆ. ಶಾಲೆಗೆ ಹೋದದ್ದು ಎರಡನೇ ಕ್ಲಾಸಿನವರೆಗೆ, ಮದ್ರಸಕ್ಕೆ ಐದು ವರ್ಷ. ಹಾಗಾಗಿ ಅಕ್ಷರ ಅರಬಿಯದು, ಮಾತು ಬ್ಯಾರಿಯದು. ಅರಬರು ಅದನ್ನು ಓದಬಲ್ಲರು, ಅರ್ಥವಾಗುವುದಿಲ್ಲ. ಬ್ಯಾರಿಗಳಿಗೆ ಅರ್ಥವಾಗುತ್ತದೆ, ಆದರೆ ಶೆಡ್ಡಿನಲ್ಲಿ ಇನ್ನೊಬ್ಬ ಬ್ಯಾರಿ ಇಲ್ಲ.

"ನನಗೆ ನೆನಪಿರ್ಲಿ ಅಂತ ಬರೆದದ್ದು, ಬೇರೆಯವರಿಗಲ್ಲ," ಎನ್ನುತ್ತಾರೆ ಉಮರಬ್ಬ.

ಊರು ಉಪ್ಪಿನಂಗಡಿಯ ಹತ್ತಿರ. ಹನ್ನೆರಡನೇ ವಯಸ್ಸಿಗೆ ಮಂಗಳೂರಿನ ಬಂದರಿನಲ್ಲಿ ಮೀನಿನ ಪೆಟ್ಟಿಗೆ ಹೊಡೆಯಲು ನಿಂತವರು. ೧೯೮೪ರಲ್ಲಿ ಮಸ್ಕತ್ತಿಗೆ ಬಂದರು. ೯೧ರಲ್ಲಿ ಗರಗಸಕ್ಕೆ ಎಡಗೈ ಉಂಗುರ ಬೆರಳಿನ ತುದಿ ಹೋಯಿತು. ಹೆಂಡತಿ ಝೊಹರಾ ಊರಿನಲ್ಲಿಯೇ ಇದ್ದು ಮೂರು ಹೆಣ್ಣುಮಕ್ಕಳನ್ನು ಬೆಳೆಸಿದರು. ಇಷ್ಟು ವರ್ಷದಲ್ಲಿ ಇವರು ಊರಿಗೆ ಹೋದದ್ದು ಹನ್ನೊಂದು ಸಲ. ಮೂವರ ಮದುವೆಯಲ್ಲಿ ಒಂದಕ್ಕೆ ಮಾತ್ರ ಇದ್ದರು. ಇದನ್ನೆಲ್ಲ ಪೆಟ್ಟಿಗೆಯ ಉದ್ದಗಲ ಹೇಳಿದ ಹಾಗೆ ಹೇಳುತ್ತಾರೆ.

ಆದರೆ ಒಂದು ವಿಷಯ ಎತ್ತಿದರೆ ಕೈಯ ಕೆಲಸ ನಿಲ್ಲುತ್ತದೆ. ಅದು ರಷ್ಯಾ.

೨೦೦೬ರ ಫೆಬ್ರವರಿಯಲ್ಲಿ ಮಸ್ಕತ್ತಿನ ಒಂದು ಮ್ಯೂಸಿಯಂ ತನ್ನ ನಲವತ್ತೊಂದು ವಸ್ತುಗಳನ್ನು ರಷ್ಯಾದ ನೊವ್‌ಗೊರೊಡ್ ಎಂಬ ಹಳೆಯ ಪಟ್ಟಣದಲ್ಲಿ ಪ್ರದರ್ಶನಕ್ಕೆ ಇಡಲು ಕಳುಹಿಸಿತು. ಕಠಾರಿ, ಧೂಪದ ಪಾತ್ರೆ, ಹಿತ್ತಾಳೆ ಬಡಿದ ಮರದ ಪೆಟಾರಿ, ಒಮಾನಿನ ಇಬ್ರಾ ಊರಿನ ಒಂದು ಹಳೆಯ ಮನೆಯಿಂದ ಬಂದ ಮಣ್ಣಿನ ನೀರಿನ ಹೂಜಿ. ಏಳು ಪೆಟ್ಟಿಗೆ. ಏಳೂ ಉಮರಬ್ಬನವರ ಕೈಯವು. ಕಟ್ಟಿದವನೇ ಬಿಚ್ಚಲಿ ಎಂದು ಮ್ಯೂಸಿಯಂನವರು ಇವರನ್ನೂ ಜೊತೆಗೆ ಕಳುಹಿಸಿದರು. ದಾಖಲೆ ಪತ್ರ ಹಿಡಿದು ಬಂದವರು ನಾಸರ್ ಎಂಬ ಒಮಾನಿ ಅಧಿಕಾರಿ. ಪೀಟರ್ ತನ್ನ ತಮ್ಮನ ಚಳಿ ಕೋಟು ಕೊಟ್ಟ. ಅದರ ತೋಳು ಇವರ ಬೆರಳು ಮುಚ್ಚುತ್ತಿತ್ತು.

ಮಾಸ್ಕೋದಿಂದ ಲಾರಿಯಲ್ಲಿ ಇಡೀ ದಿನದ ದಾರಿ. ಎರಡೂ ಬದಿಗೆ ಹಿಮ. "ಮೊದಲು ಸುಣ್ಣ ಸುರಿದಿದ್ದಾರೆ ಅಂತ ನೆನೆಸಿದೆ. ಮೈಲುಗಟ್ಟಲೆ ಯಾರು ಸುರಿದ್ರು ಅಂತ ಗೊತ್ತಾಗ್ಲಿಲ್ಲ." ಪೆಟ್ಟಿಗೆಗಳು ಮ್ಯೂಸಿಯಂನ ಬೆಚ್ಚಗಿನ ಕೋಣೆ ಸೇರಿದ ಕೂಡಲೇ ಇವರು ಸ್ಕ್ರೂಡ್ರೈವರ್ ತೆಗೆದರು. ಅಲ್ಲಿ ಹಳೆಯ ವಸ್ತುಗಳನ್ನು ನೋಡಿಕೊಳ್ಳುವ ಗಲೀನಾ ಎಂಬ ಹೆಂಗಸು ಪೆಟ್ಟಿಗೆಯ ಮೇಲೆ ಕೈಯಿಟ್ಟು ಬೇಡವೆಂದು ತಲೆಯಾಡಿಸಿದರು.

ಉಮರಬ್ಬನವರಿಗೆ ಮುಖ ಸುಟ್ಟ ಹಾಗಾಯಿತು. ಮಸ್ಕತ್ತಿನಲ್ಲಿ ಪೆಟ್ಟಿಗೆ ಬಂದರೆ ಚಹಾ ಆರುವುದರೊಳಗೆ ಬಿಚ್ಚಬೇಕು. ಬಿಚ್ಚಬೇಡ ಎಂದರೆ ಅನುಮಾನ ಎಂದೇ ಲೆಕ್ಕ.

ಬಿಡಿಸಿ ಹೇಳಿದವರು ದುಭಾಷಿ ವಿಕ್ಟರ್. ಎಪ್ಪತ್ತು ದಾಟಿದ ಮುದುಕ. ಹಿಂದೆ ಭಿಲಾಯಿಯ ಉಕ್ಕಿನ ಕಾರ್ಖಾನೆಯಲ್ಲಿ ಇಂಜಿನಿಯರಾಗಿದ್ದು ಹಿಂದಿ ಕಲಿತವರು. "ಅವರ ಹಿಂದಿ ನನ್ನದಕ್ಕಿಂತ ಚಂದ," ಎಂದು ಉಮರಬ್ಬ ಒಪ್ಪಿಕೊಳ್ಳುತ್ತಾರೆ. ಚಳಿಯಿಂದ ಬಂದ ಪೆಟ್ಟಿಗೆ ಒಂದು ರಾತ್ರಿ ಒಂದು ಹಗಲು ಹಾಗೆಯೇ ಮಲಗಬೇಕಂತೆ. ಎದ್ದ ಮೇಲೆ ಬಿಚ್ಚಬೇಕಂತೆ. ಇಲ್ಲದಿದ್ದರೆ ಒಳಗಿನ ವಸ್ತು ಬೆವರಿ ಹಾಳಾಗುತ್ತದಂತೆ.

"ಆ ಚಳಿಯಲ್ಲಿ ಬೆವರುವುದು ಹೇಗೆ? ಕೇಳಿದೆ. ಅವರು ಹೇಳಿದ್ರು. ತಲೆ ಆಡಿಸಿದೆ. ಅರ್ಥ ಆಗ್ಲಿಲ್ಲ."

ಪೆಟ್ಟಿಗೆ ಮಲಗಿದ್ದ ಆ ಒಂದು ದಿನ ವಿಕ್ಟರ್ ಇವರನ್ನು ಕೆಂಪು ಗೋಡೆಯ ಕೋಟೆಯೊಳಗಿನ ಮ್ಯೂಸಿಯಂಗೆ ಕರೆದುಕೊಂಡು ಹೋದರು. ಅಷ್ಟು ವರ್ಷ ಮ್ಯೂಸಿಯಂಗಳ ಕೆಲಸ ಮಾಡಿದರೂ ಉಮರಬ್ಬ ಎಲ್ಲಿಯೂ ಮುಂಬಾಗಿಲಿನಿಂದ ಹೋದವರಲ್ಲ. ಹಿತ್ತಿಲ ಬಾಗಿಲು, ಲಾರಿ ನಿಲ್ಲುವ ಕಟ್ಟೆ, ಅಷ್ಟೇ. ಹಾಗಾಗಿ ಮುಂಬಾಗಿಲಿನ ರೀತಿ ತಿಳಿಯದೆ, ಮಸೀದಿಯಲ್ಲಿ ಮಾಡುವ ಹಾಗೆ ಬೂಟು ಕಳಚಿ ಹೊರಗಿಟ್ಟು ಒಳಗೆ ನಡೆದರು. ಕೋಣೆಯ ಮೂಲೆಯಲ್ಲಿ ಕುರ್ಚಿ ಹಾಕಿ ಕೂತಿದ್ದ ಅಜ್ಜಿಯೊಬ್ಬಳು ಎದ್ದು ಬಯ್ಯತೊಡಗಿದಳು. ಬೂಟನ್ನು ಮತ್ತೆ ಹಾಕಿಸಿ, ಅದರ ಮೇಲೆ ನೀಲಿ ಪ್ಲಾಸ್ಟಿಕ್ ಚೀಲ ಹಾಕಿಸಿದಳು. ಕೋಟು ಬಿಚ್ಚಿ ಕೊಡು ಎಂದಳು. ಪಾಸ್‌ಪೋರ್ಟು, ಬತಾಕ ಎಂಬ ಮಸ್ಕತ್ತಿನ ಗುರುತಿನ ಚೀಟಿ ಎಲ್ಲ ಅದರಲ್ಲೇ. ಕೊಡಲಿಲ್ಲ. ಅದಕ್ಕೂ ಬಯ್ಗುಳ.

ಆಮೇಲೆ ಬೆಳ್ಳಿ ನಾಣ್ಯ ನೋಡಿ ನಿಂತುಬಿಟ್ಟರು. ಮೇಲೆ ಅರಬಿ ಅಕ್ಷರ. ಹಳೆಯ ರೀತಿಯ ಬರಹ, ಒಂದೇ ಒಂದು ಶಬ್ದ ಓದಲು ಬಂತು, ಅಲ್ಲಾಹನ ಹೆಸರು. ಆ ಹಿಮದ ಮಣ್ಣು ಅಗೆದಾಗ ಸಿಕ್ಕಿದ್ದಂತೆ. "ಸಾವಿರ ವರ್ಷದ ಹಿಂದೆ ಅಲ್ಲಿಗೆ ಹೋಗಿದ್ದು ಯಾರು? ಯಾರ ವೀಸಾದಲ್ಲಿ?" ಎಂದು ಈಗಲೂ ಕೇಳುತ್ತಾರೆ.

ಮರುದಿನ ಪೆಟ್ಟಿಗೆ ಬಿಚ್ಚಿದರು. ಆರು ಪೆಟ್ಟಿಗೆ ಸುಸೂತ್ರ. ಏಳನೆಯದರಲ್ಲಿ ಇಬ್ರಾದ ಹೂಜಿ. ಗಲೀನಾ ಅದನ್ನು ದಿಂಬಿನ ಮೇಲೆ ಮಲಗಿಸಿ ಸಣ್ಣ ದೀಪ ಹಿಡಿದರು. ಹೊಟ್ಟೆಯ ಕೆಳಗೆ, ಅಡಿಯ ಹತ್ತಿರ, ಒಂದು ಗೆರೆ. ಕೂದಲಿನಷ್ಟು ತೆಳು, ನಾಲ್ಕು ಬೆರಳು ಉದ್ದ.

ನಾಸರ್ ಪತ್ರ ತೆಗೆದರು. ಮಸ್ಕತ್ತಿನಲ್ಲಿ ತುಂಬಿದ ಫಾರಂನಲ್ಲಿ ನಲವತ್ತೊಂದು ವಸ್ತುವಿಗೂ ಒಂದೇ ಮಾತು, ಗುಡ್. ಫೋಟೋ ಇತ್ತು, ನಾಲ್ಕು ಬದಿಯದು ಮಾತ್ರ. ಅಡಿಯದು ತೆಗೆದಿರಲಿಲ್ಲ. ಗೆರೆ ಮೊದಲೇ ಇದ್ದದ್ದೋ, ದಾರಿಯಲ್ಲಿ ಆದದ್ದೋ ಹೇಳುವವರಿಲ್ಲ. ನಾಸರ್ ಮಸ್ಕತ್ತಿಗೆ ಫೋನು ಮಾಡಿದರು. ವಿಮೆಯವರು ಮೂರು ದಿನದಲ್ಲಿ ಉತ್ತರ ಕೊಡುತ್ತೇವೆ ಎಂದರು. ಶೆಡ್ಡಿನ ಕಫೀಲ್, ಅಂದರೆ ಇವರ ವೀಸಾ ಕೊಟ್ಟ ಮಾಲೀಕ, ಮೂರು ದಿನ ಕಾಯಲಿಲ್ಲ. ತಪ್ಪು ಪೆಟ್ಟಿಗೆಯದಾದರೆ ಉಮರ್ ಈ ಶೆಡ್ಡಿಗೆ ಬರುವುದು ಬೇಡ, ನೇರ ಊರಿಗೆ ಹೋಗಲಿ ಎಂದು ಅದೇ ಫೋನಿನಲ್ಲಿ ಹೇಳಿಬಿಟ್ಟರು.

"ನಾಸರ್ ಸಾಹೇಬ್ರು ನನ್ನ ಮುಖ ನೋಡದೆ ಹೇಳಿದ್ರು. ನನಗೆ ನನ್ನ ಮೇಲೇ ಡೌಟು. ಕೈಯಲ್ಲಿ ನೋಡಿ ಇಟ್ಟದ್ದು ಹೌದು. ಹಾಗಾದ್ರೆ ಗೆರೆ ಎಲ್ಲಿಂದ?"

ಹೋಟೆಲಿನಲ್ಲಿ ಕೂತು ಗೋಡೆ ನೋಡುವುದು ಬೇಡವೆಂದು ವಿಕ್ಟರ್ ಮತ್ತೆ ಎರಡು ದಿನ ಇವರನ್ನು ಊರು ಸುತ್ತಿಸಿದರು. ಆ ಎರಡು ದಿನದಲ್ಲಿ ನೋಡಿದ್ದು ಉಮರಬ್ಬನವರ ತಲೆಯಲ್ಲಿ ಇನ್ನೂ ಕಲಸಿಕೊಂಡೇ ಇದೆ. ಒಂದು ಮ್ಯೂಸಿಯಂನಲ್ಲಿ ನಾಲ್ಕು ಗೋಡೆ ತುಂಬ ಸಂತರ ಚಿತ್ರ. ಎಲ್ಲರ ಕಣ್ಣೂ ತಮ್ಮ ಮೇಲೇ ಇದೆ ಎಂದು ಹೆದರಿ ಕೆಳಗೆ ನೋಡುತ್ತ ನಡೆದರಂತೆ. ಪೀಟರ್ ಇದನ್ನು ಹೇಳಿ ನಗುತ್ತಾನೆ. "ನಮ್ಮ ಮನೆಯಲ್ಲಿ ಯೇಸುವಿನ ಆಲ್ತಾರಿನ ಎದುರು ಕೂತು ಹಂದಿ ಇಲ್ಲ ತಾನೇ ಅಂತ ಕೇಳಿ ಕೇಳಿ ಊಟ ಮಾಡುವ ಜನ. ಅಲ್ಲಿ ಎಂತ ಹೆದರಿಕೆ ಇವರಿಗೆ?"

"ನಿನ್ನ ಮನೆಯಲ್ಲಿ ನಾನು ಏನೂ ಒಡೆದಿರ್ಲಿಲ್ಲ, ಅದಕ್ಕೆ," ಎಂದು ಉಮರಬ್ಬ ತಲೆಯೆತ್ತದೆ ಉತ್ತರ ಕೊಡುತ್ತಾರೆ.

ಇನ್ನೊಂದು ಕಡೆ ಮರದ ತೊಗಟೆಯ ಮೇಲೆ ಗೀಚಿದ ಕಾಗದಗಳು. ಆರುನೂರು ವರ್ಷದ ಹಿಂದೆ ಯಾರೋ ಗಂಡ ದೂರದೂರಿನಿಂದ ಹೆಂಡತಿಗೆ ಬರೆದದ್ದು, ಅಂಗಿ ಮರೆತು ಬಂದೆ, ಕಳುಹಿಸು ಎಂದು. ವಿಕ್ಟರ್ ಅದನ್ನು ಓದಿ ಹೇಳಿದಾಗ ಉಮರಬ್ಬ ಕೇಳಿದ್ದು ಒಂದೇ, ಅಂಗಿ ಬಂತಾ? ಗೊತ್ತಿಲ್ಲ ಎಂದರು ವಿಕ್ಟರ್. "ಕಾಗದ ಇಷ್ಟು ಜೋಪಾನ ಮಾಡಿದ್ದಾರೆ. ಅಂಗಿ ಹೋಯಿತಾ ಇಲ್ವಾ ಅಂತ ಒಬ್ಬನೂ ನೋಡ್ಲಿಲ್ಲ."

ಊರ ಹೊರಗೆ ಬಯಲಿನಲ್ಲಿ ಹಳೆಯ ಮರದ ಮನೆಗಳನ್ನು ತಂದು ನಿಲ್ಲಿಸಿದ ಮ್ಯೂಸಿಯಂ ಒಂದಿತ್ತು. ಇಡೀ ಇಡೀ ದಿಮ್ಮಿ, ಮೂಲೆಯಲ್ಲಿ ಒಂದಕ್ಕೊಂದು ಕಚ್ಚಿಸಿ ಕೂರಿಸಿದ್ದು, ಗೋಡೆಯಲ್ಲಿ ಹುಡುಕಿದರೂ ಮೊಳೆ ಕಾಣದು. ಉಮರಬ್ಬ ಕೈಗವಸು ಕಳಚಿ ಮೂಲೆಯ ಕಚ್ಚಿನೊಳಗೆ ಬೆರಳಿಟ್ಟರು. ಕಾವಲಿನವನು ದೂರದಿಂದ ಕೂಗಿದ. ಮುಟ್ಟಬಾರದು. ಎಲ್ಲ ಕಡೆ ಅದೇ. ಮುಟ್ಟದೆ ನೋಡುವುದು ಈ ಮನುಷ್ಯನಿಗೆ ಗೊತ್ತಿಲ್ಲ. ಕೈ ಜೇಬಿನಲ್ಲಿಟ್ಟರೆ ಕಣ್ಣು ಕಟ್ಟಿದ ಹಾಗೆ.

ಅವರನ್ನು ಹೆಚ್ಚು ಗಲಿಬಿಲಿ ಮಾಡಿದ್ದು ಮಡಕೆಗಳು. ಹೋದಲ್ಲೆಲ್ಲ ಮಡಕೆ, ಎಲ್ಲ ಒಡೆದದ್ದು. ಚೂರು ಚೂರು ಅಂಟಿಸಿ, ಸಿಕ್ಕದ ಜಾಗಕ್ಕೆ ಬೇರೆ ಮಣ್ಣು ತುಂಬಿ, ಗಾಜಿನ ಒಳಗೆ ದೀಪ ಹಾಕಿ ಇಟ್ಟಿದ್ದರು. ಬರಿಯ ಒಂದು ಹಿಡಿಕೆಗೂ ಮಖಮಲ್ಲಿನ ಹಾಸಿಗೆ. ಉಮರಬ್ಬ ವಿಕ್ಟರನ್ನು ತಡೆದು ನಿಲ್ಲಿಸಿ ಕೇಳಿದರು, ಒಡೆದದ್ದಕ್ಕೆ ಇಷ್ಟು ಮರ್ಯಾದೆ ಕೊಡುವ ಊರಿನಲ್ಲಿ ನನ್ನ ಒಂದು ಗೆರೆಗೆ ಮೂರು ದಿನದ ವಿಚಾರಣೆ, ಇದು ಎಂತ ನ್ಯಾಯ?

ವಿಕ್ಟರ್ ಹೇಳಿದರಂತೆ, "ಇವು ಯಾರ ಕೈಯಲ್ಲಿ ಒಡೆದವು ಅಂತ ಕೇಳುವವರು ಸತ್ತು ಎಂಟುನೂರು ವರ್ಷವಾಯಿತು, ಭಾಯಿ. ನಿನ್ನದನ್ನು ಕೇಳುವವರು ಇನ್ನೂ ಬದುಕಿದ್ದಾರೆ."

ಮೂರನೆಯ ದಿನ ಬೆಳಿಗ್ಗೆ ಎಲ್ಲರೂ ಪೆಟ್ಟಿಗೆಯ ಕೋಣೆಯಲ್ಲಿ ಸೇರಿದರು. ವಿಮೆಯವರ ಉತ್ತರ ಬಂದಿತ್ತು. ಸಾಮಾನು ಹೊರಡುವಾಗ ಹೇಗಿತ್ತು ಎಂಬುದಕ್ಕೆ ಫಾರಂ ಬಿಟ್ಟು ಬೇರೆ ಬರಹವಿದೆಯೇ ಎಂದು ಕೇಳಿದ್ದರು. ಇಲ್ಲ ಎಂದರು ನಾಸರ್. ಗಲೀನಾ ಏನೋ ಹೇಳಿ ಗೋಡೆಗೆ ಒರಗಿಸಿಟ್ಟ ಮುಚ್ಚಳವನ್ನು ತಿರುಗಿಸಿದರು. ಒಳಮೈಯಲ್ಲಿ ಪೆನ್ಸಿಲಿನ ಬರಹ. ಅವರು ಮೊದಲ ದಿನವೇ ನೋಡಿ ಇಟ್ಟಿದ್ದರು.

ನಾಸರ್ ಬಗ್ಗಿ ಓದಿದರು. ಅಕ್ಷರ ತಮ್ಮದೇ, ಗಟ್ಟಿಯಾಗಿ ಓದಿದರು. ಒಂದು ಶಬ್ದವೂ ತಿಳಿಯಲಿಲ್ಲ.

"ನನ್ನ ಉಮ್ಮ ಮಾತಾಡುವ ಮಾತು ಒಮಾನಿ ಸಾಹೇಬ್ರ ಬಾಯಲ್ಲಿ ಬಂತು. ಆ ದೇಶದಲ್ಲಿ. ನನಗೆ ಒಮ್ಮೆ ಎಲ್ಲಿದ್ದೇನೆ ಅಂತಲೇ ಗೊತ್ತಾಗ್ಲಿಲ್ಲ," ಎನ್ನುತ್ತಾರೆ ಉಮರಬ್ಬ.

ಏನು ಬರೆದಿದೆ ಎಂದು ನಾಸರ್ ಕೇಳಿದರು. ಅದರ ಅರ್ಥ ಬಲ್ಲವರು ಆ ಕೋಣೆಯಲ್ಲಿ, ಬಹುಶಃ ಆ ಊರಿನಲ್ಲಿಯೇ, ಉಮರಬ್ಬ ಒಬ್ಬರೇ. ಗೆರೆ ಇತ್ತು ಎಂದು ಬರೆದಿದೆ ಎಂದರೆ ಮುಗಿಯಿತು. ಕೆಲಸ ಉಳಿಯುತ್ತದೆ. ತಪ್ಪು ಇಬ್ರಾದ ಹಳೆಯ ಮನೆಯ ಲೆಕ್ಕಕ್ಕೆ ಹೋಗುತ್ತದೆ. ವಿಕ್ಟರ್ ಹಿಂದಿಯಲ್ಲಿ ಮೆಲ್ಲಗೆ ಹೇಳಿದರಂತೆ, "ಯೋಚಿಸಿ ಹೇಳು."

ಉಮರಬ್ಬ ಓದಿದರು. ಹೂಜಿ ಒಂದು. ಬಾಯಿ ಸರಿ. ಹೊಟ್ಟೆ ಸರಿ. ಅಡಿ ಸರಿ. ಗೆರೆ ಇಲ್ಲ.

ವಿಕ್ಟರ್ ಅದನ್ನು ರಷ್ಯನ್ನಿಗೆ ತಿರುಗಿಸುವ ಮೊದಲು ಇನ್ನೊಮ್ಮೆ ಕೇಳಿದರು. ಇವರು ಇನ್ನೊಮ್ಮೆ ಅದನ್ನೇ ಹೇಳಿದರು. ನಾಸರ್ ಕಿಟಕಿಯ ಹತ್ತಿರ ಹೋಗಿ ನಿಂತರು. ಗಲೀನಾ ಬರೆದುಕೊಂಡರು.

ಯಾಕೆ ಹಾಗೆ ಹೇಳಿದಿರಿ ಎಂದರೆ ಉಮರಬ್ಬ ತಿರುಗಿ ಕೇಳುತ್ತಾರೆ, "ಇದ್ದದ್ದನ್ನು ಬಿಟ್ಟು ಬೇರೆ ಓದುದು ಹೇಗೆ? ನಾನೇ ಬರೆದದ್ದಲ್ವಾ. ಧೈರ್ಯ ಅಂತೆಲ್ಲ ಬರೀಬೇಡಿ. ನನಗೆ ಆಗ ಬೇರೆ ಎಂತದೂ ತೋಚ್ಲಿಲ್ಲ."

ಗಲೀನಾ ಪೆನ್ನು ಮುಚ್ಚಲಿಲ್ಲ. ಉಳಿದ ಆರು ಮುಚ್ಚಳಗಳನ್ನೂ ಓದಿಸಿದರು. ಎರಡು ಗಂಟೆ ಹಿಡಿಯಿತು. ಉಮರಬ್ಬ ಹಿಂದಿಯಲ್ಲಿ ಹೇಳಿ, ವಿಕ್ಟರ್ ತಿರುಗಿಸಿ, ಗಲೀನಾ ವಸ್ತು ಎತ್ತಿ ದೀಪ ಹಿಡಿದು ನೋಡುವುದು. ಕಠಾರಿಯ ಒರೆಯಲ್ಲಿ ಬೆಳ್ಳಿ ತಂತಿ ಎರಡು ಸುತ್ತು ಬಿಟ್ಟಿದೆ ಎಂದು ಮುಚ್ಚಳದಲ್ಲಿತ್ತು, ಒರೆಯಲ್ಲಿಯೂ ಇತ್ತು. ಪೆಟಾರಿಯ ಬಲಗಡೆಯ ಬಿಜಾಗರಿ ಸಡಿಲ ಎಂದಿತ್ತು, ಸಡಿಲವಿತ್ತು. ಫಾರಂನಲ್ಲಿ ಎಲ್ಲದಕ್ಕೂ ಗುಡ್. ಕೊನೆಗೆ ಗಲೀನಾ ಫಾರಂ ಬದಿಗಿಟ್ಟು, ಏಳು ಮುಚ್ಚಳಗಳ ಫೋಟೋ ತೆಗೆಸಿ, ಅದನ್ನೇ ದಾಖಲೆಯೆಂದು ಹಿಡಿದರು. ಹೂಜಿಯ ಗೆರೆ ದಾರಿಯಲ್ಲಿ ಆದದ್ದು, ಕಾರಣ ತಿಳಿಯದು ಎಂದು ಬರೆದರು. ವಾಪಸು ಹೋಗುವಾಗ ಕಟ್ಟುವವನು ಇದೇ ಮನುಷ್ಯ ಆಗಬೇಕು ಎಂದೂ ಬರೆದರು. ತನ್ನ ವಿರುದ್ಧದ್ದನ್ನು ಓದಿ ಹೇಳಿದವನು ಉಳಿದದ್ದನ್ನೂ ಸರಿಯಾಗಿಯೇ ಬರೆದಿರುತ್ತಾನೆ ಎಂದು ಅವರು ಹೇಳಿದ್ದನ್ನು ವಿಕ್ಟರ್ ತಿಳಿಸಿದರು.

ಆ ಕಾಗದ ನೋಡಿ ಕಫೀಲ್ ಸುಮ್ಮನಾದರು. ಕೆಲಸ ಉಳಿಯಿತು. ಎರಡು ತಿಂಗಳ ಮೇಲೆ ನೊವ್‌ಗೊರೊಡಿಗೆ ಮತ್ತೆ ಹೋಗಿ, ನಲವತ್ತೊಂದನ್ನೂ ಕಟ್ಟಿ ತಂದರು. ಹಿಮ ಕರಗಿತ್ತು. ಅದೇ ಊರು ಹೌದೋ ಅಲ್ಲವೋ ಎಂದು ಇವರಿಗೆ ಗುರುತು ಸಿಕ್ಕಲಿಲ್ಲ. ಅಷ್ಟೇ, ಆಮೇಲೆ ಮ್ಯೂಸಿಯಂನ ಪೆಟ್ಟಿಗೆ ಇವರ ಕೈಗೆ ಬಂದಿಲ್ಲ. ಯಾರೂ ಬೇಡ ಎಂದು ಹೇಳಿದ್ದಿಲ್ಲ. ಈಗ ಅದನ್ನು ಕಂಪ್ಯೂಟರಿನಲ್ಲಿ ಅಳತೆ ತೆಗೆಯುವ ಬೇರೆಯವರು ಮಾಡುತ್ತಾರೆ.

ಕಥೆ ಇಲ್ಲಿಗೆ ಮುಗಿದಿದ್ದರೆ ಉಮರಬ್ಬ ಅದನ್ನು ಮರೆತೇಬಿಡುತ್ತಿದ್ದರೋ ಏನೋ. ಎರಡನೆಯ ಸಲ ವಾಪಸು ಬರುವಾಗ ವಿಮಾನದಲ್ಲಿ ಊಟದ ತಟ್ಟೆ ಬಿಚ್ಚುತ್ತಿದ್ದರು. ಹೆಬ್ಬೆಟ್ಟಿಗೆ ಬೆಣ್ಣೆ ಹತ್ತಿತು. ತಟ್ಟೆಯ ಅಂಚು ಕೈಗೆ ತಿಳಿಯದೆ ಹೋಯಿತು. ಆಗ ನೆನಪಾಯಿತು. ಹೂಜಿ ಕಟ್ಟಿದ ದಿನ ಮೊದಲು ಮರದ ಗೂಟಗಳಿಗೆ ಫೆವಿಕಾಲ್ ಹಾಕಿದ್ದರು. ಬಲಗೈ ಹೆಬ್ಬೆಟ್ಟಿನ ಮೇಲೆ ಅದು ಒಣಗಿ ಸಿಪ್ಪೆಯ ಹಾಗೆ ಕೂತಿತ್ತು. ತೊಳೆದರೋ ಇಲ್ಲವೋ ನೆನಪಿಲ್ಲ. ಅದೇ ಹೆಬ್ಬೆಟ್ಟನ್ನು ಹೂಜಿಯ ಮೇಲೆ ಎಳೆದು ನೋಡಿ ಗೆರೆ ಇಲ್ಲ ಎಂದು ಬರೆದದ್ದು.

"ಅಂದ್ರೆ ಗೆರೆ ಮೊದಲೇ ಇದ್ದಿರಬಹುದು, ನನಗೆ ತಾಗ್ಲಿಲ್ಲ. ಅಥವಾ ಇರಲೇ ಇಲ್ಲ, ದಾರಿಯಲ್ಲಿ ಆಯ್ತು. ಅಥವಾ ಆ ಕೋಣೆಯ ಬಿಸಿಗೆ ಆಯ್ತು, ಪೆಟ್ಟಿಗೆ ಮಲಗಿದ್ದಾಗ. ಮೂರರಲ್ಲಿ ಯಾವುದು?"

ಪಕ್ಕದ ಸೀಟಿನಲ್ಲಿದ್ದ ನಾಸರ್‌ಗೆ ಅಲ್ಲೇ ಹೇಳಿದರು. ನಾಸರ್ ಇವರ ಹೆಗಲ ಮೇಲೆ ಕೈಯಿಟ್ಟು, "ಖಲಾಸ್, ಯಾ ಉಮರ್. ಫೈಲ್ ಮುಚ್ಚಿದೆ," ಎಂದರು. ಊರಿಗೆ ಫೋನು ಮಾಡಿ ಝೊಹರಾಗೆ ಹೇಳಿದರು. ಆಕೆ, "ನಿಮಗೆ ರಷ್ಯಾ ತೋರಿಸಿದ್ದು ಎಂತ ಮಾಡ್ಲಿಕ್ಕೆ? ಜನ ಹೋಗಿ ಅರಮನೆ ನೋಡಿ ಬರ್ತಾರೆ. ನೀವು ಒಡೆದ ಮಡಕೆ ನೋಡಿ ಬಂದು ನಿದ್ದೆ ಹಾಳು ಮಾಡ್ಕೊಂಡಿದ್ದೀರಿ," ಎಂದರಂತೆ. ಪೀಟರ್‌ಗೆ ಹೇಳಿದರು. ಅವನು, "ಉಮರಾಕ, ಬಿಡಿ," ಎಂದ. ಅವನು ಬ್ಯಾರಿಗಳೇ ಎನ್ನದೆ ಹೆಸರು ಹಿಡಿದು ಕರೆದದ್ದು ಅದೊಂದೇ ಸಲ.

ಬಿಡಲು ಆಗಿಲ್ಲ. ಮೂರು ವರ್ಷವಾಯಿತು. ಈಗ ಸಾಮಾನು ಮುಟ್ಟುವ ಮೊದಲು ಹೆಬ್ಬೆಟ್ಟನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಸೋಪು ಹಾಕಿ ತೊಳೆದು, ಕೆನ್ನೆಗೆ ತಾಗಿಸಿ ನೋಡುತ್ತಾರೆ. ಲಾರಿಯವರು ಕಾಯುತ್ತಾರೆ, ಗೊಣಗುತ್ತಾರೆ. ತೂಗುದೀಪದ ನೂರಹದಿನಾಲ್ಕು ಗಾಜಿನ ಹನಿಗಳನ್ನು ಇವತ್ತು ಒಂದೊಂದಾಗಿ ಹೀಗೆಯೇ ನೋಡಿ ಮುಗಿಸುವಾಗ ಎಂಟೂಕಾಲು. ಪೀಟರ್ ಫೋರ್ಕ್‌ಲಿಫ್ಟಿನ ಸೀಟಿನಲ್ಲಿ ಕೂತೇ ನಿದ್ದೆ ಹೋಗಿದ್ದಾನೆ. ಅವನನ್ನು ಎಬ್ಬಿಸದೆ ಉಮರಬ್ಬ ಹೊರಗಿನ ನಲ್ಲಿಯಲ್ಲಿ ಕೈ ತೊಳೆಯುತ್ತಾರೆ.

ಮುಂದಿನ ವರ್ಷ ಕೆಲಸ ಮುಗಿಸಿ ಊರಿಗೆ ಹೋಗಬೇಕೆಂದಿದ್ದಾರೆ. ಅದಕ್ಕೆ ಮೊದಲು ಏನಾದರೂ ಆಸೆಯಿದೆಯೇ ಎಂದರೆ ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡು, ಮೆಲ್ಲಗೆ ಹೇಳುತ್ತಾರೆ.

"ಆ ಹೂಜಿಯನ್ನು ತಿಳಿದವರು ಯಾರಾದ್ರೂ ಸರಿಯಾಗಿ ನೋಡಿ ಹೇಳ್ಲಿ. ನನ್ನದಲ್ಲ ಅಂತಲೇ ಹೇಳ್ಬೇಕು ಅಂತಿಲ್ಲ. ನನ್ನದೇ ಆದ್ರೆ ನನ್ನದು ಅಂತ ಹೇಳ್ಲಿ. ಇಪ್ಪತ್ತೈದು ವರ್ಷದಲ್ಲಿ ನನ್ನ ಕೈಯಲ್ಲಿ ಒಡೆದದ್ದು ಒಂದು ಅಂತ ಊರಿಗೆ ಹೋಗಿ ಹೇಳ್ಬಹುದು. ಈಗ ಒಂದು ಅಂತಲೂ ಹೇಳುವ ಹಾಗಿಲ್ಲ, ಇಲ್ಲ ಅಂತಲೂ ಹೇಳುವ ಹಾಗಿಲ್ಲ."